ಪುಣೆಯ ಹಾಲ್‌ನಲ್ಲಿ ಟಿವಿ ಎಷ್ಟು ದೂರ?

ಪುಣೆ ಕನ್ನಡಿಗರೇ, ಸಿಂಹಗಡದ ಟವರ್‌ನಿಂದ ದೂರದರ್ಶನ ಬರುತ್ತಿದ್ದ ಕಾಲದಲ್ಲಿ ಹಿರಿಯರು ಮಕ್ಕಳನ್ನು ಹಿಂದೆ ಕೂರಿಸುತ್ತಿದ್ದರು. ಹಳೇ ಪರದೆಗೆ ಹತ್ತಿರ ಹೋದರೆ ಗೆರೆಗಳೇ ಕಾಣುತ್ತಿದ್ದವಲ್ಲ! 4ಕೆ ಟಿವಿಗೆ ಆ ಚಿಂತೆ ಬೇಡ. ಕೋಥ್ರೂಡ್‌ನಲ್ಲೋ ಹಡಪ್ಸರ್‌ನಲ್ಲೋ ನಿಮ್ಮ ಹಾಲ್ ಹತ್ತಡಿ ಇದ್ದರೂ 55 ಇಂಚು ಧಾರಾಳವಾಗಿ ಹಿಡಿಸುತ್ತದೆ. ಕೂರುವ ದೂರ ತಿಳಿಯಲು ಪರದೆಯ ಕರ್ಣವನ್ನು 1.6ರಿಂದ ಗುಣಿಸಿ: 88 ಇಂಚು, ಅಂದರೆ ಏಳಡಿ ನಾಲ್ಕಿಂಚು. ಆಗ ಪರದೆ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲ ಕಾಣುತ್ತದೆ. ಅಳತೆ ಸೋಫಾದಲ್ಲಿ ಕೂತವರ ಕಣ್ಣಿನಿಂದ, ಹಿಂದಿನ ಗೋಡೆಯಿಂದಲ್ಲ.

ನನಗಂತೂ ದೂರಕ್ಕಿಂತ ಎತ್ತರವೇ ಮುಖ್ಯ. ದೇವರ ಫೋಟೋದ ಎತ್ತರಕ್ಕೆ ಟಿವಿ ಏರಿಸಿದರೆ ಅಜ್ಜಿಯ ಕತ್ತು ನೋಯುತ್ತದೆ, ದಯವಿಟ್ಟು ಬೇಡ. ಪರದೆಯ ನಡು ನೆಲದಿಂದ ಮೂರೂವರೆ ಅಡಿ ಆಸುಪಾಸು ಇರಲಿ. ಪರದೆಯಲ್ಲಿ ಬೆಳಕು ಪ್ರತಿಫಲಿಸದಂತೆ ಬಾಲ್ಕನಿಯ ಎದುರು ಗೋಡೆಯನ್ನೂ ಬಿಡಿ, ಪಕ್ಕದ್ದು ಆರಿಸಿ.