ಬಿರುಬಿಸಿಲೂ ವ್ಯಾಯಾಮವೂ

ಬೇಸಿಗೆ ಬಂತೆಂದರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. "ಈ ಬಿಸಿಲಿನಲ್ಲಿ ಹೊರಗೆ ಕಾಲಿಡಬೇಡಿ" ಎನ್ನುವುದು ಹಿರಿಯರ ಪಕ್ಷ. "ಮೈ ಬೆವರಿದಷ್ಟೂ ಒಳ್ಳೆಯದು" ಎನ್ನುವುದು ಆಟಕ್ಕೆ ಹೊರಟ ಹುಡುಗರ ಪಕ್ಷ. ಎರಡು ಮಾತಿನಲ್ಲೂ ಸತ್ಯದ ಅಂಶವಿದೆ. ಎರಡೂ ಪೂರ್ತಿ ಸತ್ಯವಲ್ಲ. ಬೇಸಿಗೆಯ ಮೂರು ತಿಂಗಳೂ ವ್ಯಾಯಾಮವನ್ನು ಕಟ್ಟಿಡಬೇಕಾಗಿಲ್ಲ. ಆದರೆ ಬಿಸಿಲಿನೊಡನೆ ಹಟ ಹೂಡಿ ಪ್ರಾಣ ನೀಗಿದವರೂ ಉಂಟು. ಅವರಲ್ಲಿ ಅನೇಕರು ಗಟ್ಟಿಮುಟ್ಟಾದ ಯುವಕರೇ. ಹೀಗೇಕೆ ಆಗುತ್ತದೆಂಬುದನ್ನು ತಿಳಿದುಕೊಂಡರೆ, ಯಾವ ದಿನ ಓಡಬಹುದು, ಯಾವ ದಿನ ಸುಮ್ಮನಿರಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು.

ನಮ್ಮ ಮೈ ಉರಿಯುವ ಒಲೆಯಂತೆ. ದುಡಿಯುವ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಹೆಚ್ಚೆಂದರೆ ಕಾಲುಭಾಗ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. 60 ಕಿಲೋ ತೂಕದವರೊಬ್ಬರು ಗಂಟೆಗೆ 10 ಕಿಲೋಮೀಟರಿನಂತೆ ಒಂದು ಗಂಟೆ ಓಡಿದರೆ ಸುಮಾರು 600 ಕಿಲೋಕ್ಯಾಲೊರಿ ಖರ್ಚಾಗುತ್ತದೆ; ಅದರಲ್ಲಿ 450ರಷ್ಟು ಶಾಖ. ಇದೆಲ್ಲವೂ ಒಳಗೇ ಉಳಿದರೆ 37 ಡಿಗ್ರಿ ಸೆಂಟಿಗ್ರೇಡ್ ಇರುವ ಮೈ 46 ಡಿಗ್ರಿಗೆ ಏರಬೇಕಾಗುತ್ತದೆ. 40 ದಾಟಿದರೇ ಗಂಡಾಂತರದ ಗಡಿ ಬಂತೆಂದು ವೈದ್ಯರು ಎಣಿಸುತ್ತಾರೆ. ಚಳಿಗಾಲದಲ್ಲಾದರೆ ಸುತ್ತಲಿನ ಗಾಳಿ ಈ ಶಾಖವನ್ನು ಸೆಳೆದುಕೊಳ್ಳುತ್ತದೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾದಾಗ ಶಾಖ ಹೊರಗಿನಿಂದಲೇ ಮೈಗೆ ಹತ್ತುತ್ತದೆ. ಆಗ ಉಳಿಯುವ ದಾರಿ ಒಂದೇ: ಬೆವರು.

ಬೆವರಿನ ಮಹಿಮೆಯನ್ನು ತೋರಿಸಿದ ಹಳೆಯ ಪ್ರಯೋಗವೊಂದಿದೆ. 1775ರಲ್ಲಿ ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಗ್ಡನ್ ಮತ್ತು ಆತನ ಸಂಗಡಿಗರು ಒಣಗಾಳಿಯ ಕೋಣೆಯೊಂದನ್ನು ಸುಮಾರು 127 ಡಿಗ್ರಿಗೆ ಕಾಯಿಸಿ ಒಳಹೊಕ್ಕರು. ಆ ಬಿಸಿಗೆ ಮೊಟ್ಟೆ ಬೆಂದಿತು, ಮಾಂಸದ ತುಂಡು ಬೆಂದಿತು; ಮನುಷ್ಯರು ಮಾತ್ರ ಕೆಲವು ನಿಮಿಷ ಇದ್ದು ಸುಖವಾಗಿ ಹೊರಬಂದರು. ಬೆವರು ಆರುತ್ತ ಮೈಯ ಶಾಖವನ್ನು ಒಯ್ದದ್ದೇ ಅವರನ್ನು ಕಾಪಾಡಿತು. ಒಂದು ಲೀಟರು ಬೆವರು ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಟುಹೋಗುತ್ತದೆ.

"ಆರಿದರೆ" ಎಂಬ ಮಾತನ್ನು ಗಮನಿಸಿ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಏನೂ ತಂಪಿಲ್ಲ. ಅಡಿಗೆಮನೆಯ ಮಣ್ಣಿನ ಹೂಜಿಯನ್ನೇ ನೋಡಿ. ಒಣ ಹವೆಯಲ್ಲಿ ಅದರ ನೀರು ಹಿತವಾಗಿ ತಣ್ಣಗಿರುತ್ತದೆ. ಗಾಳಿಯಲ್ಲಿ ತೇವ ತುಂಬಿದಾಗ ಹೂಜಿಯ ಮೈ ಒದ್ದೆಯಾಗಿಯೇ ಇರುತ್ತದೆ, ನೀರು ತಣ್ಣಗಾಗುವುದಿಲ್ಲ. ನಮ್ಮ ಮೈಯ ಪಾಡೂ ಇಷ್ಟೆ.

ಈ ಕಾರಣದಿಂದಲೇ ಕಲಬುರಗಿಯ ಬಿಸಿಲು ಬೇರೆ, ಮಂಗಳೂರಿನ ಸೆಕೆ ಬೇರೆ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಹೊಸತಲ್ಲ. ಅಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಮೈ ತಣಿಯುತ್ತದೆ, ಆದರೆ ನೀರು ಎಷ್ಟು ಹೋಯಿತೆಂಬುದು ಗೊತ್ತಾಗುವುದಿಲ್ಲ. ಮಂಗಳೂರಿನಲ್ಲಿ 34 ಡಿಗ್ರಿಯಾದರೂ ಅಂಗಿ ತೊಯ್ದು ತೊಪ್ಪೆಯಾಗುತ್ತದೆ, ಶಾಖ ಒಳಗೇ ನಿಲ್ಲುತ್ತದೆ. ನಮ್ಮ ಹವಾಮಾನ ಇಲಾಖೆಯವರು ಬಿಸಿಗಾಳಿ ಎಂದು ಸಾರಲು ಬಯಲುಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ ಕನಿಷ್ಠ 37 ಡಿಗ್ರಿ ಎಂದು ಬೇರೆ ಬೇರೆ ಗೆರೆ ಎಳೆದಿದ್ದಾರೆ. 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿಗಾಗಿ ರೂಪುಗೊಂಡು, ಇಂದು ಕ್ರೀಡಾಕೂಟಗಳಲ್ಲೂ ಬಳಕೆಯಲ್ಲಿರುವ ಒಂದು ಅಳತೆಯಿದೆ. ಅದರಲ್ಲಿ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕರಿಯ ಗೋಳಕ್ಕೆ ಎರಡು ಪಾಲು, ನಾವು ದಿನವೂ ಕೇಳುವ ಸಾಮಾನ್ಯ ಉಷ್ಣತೆಗೆ ಒಂದೇ ಪಾಲು! ಆದ್ದರಿಂದ ರೇಡಿಯೋದಲ್ಲಿ ಹವಾಮಾನ ವರದಿ ಕೇಳುವಾಗ ಉಷ್ಣತೆಯೊಂದನ್ನೇ ಕೇಳಿ ಎದ್ದುಹೋಗಬೇಡಿ, ತೇವಾಂಶವನ್ನೂ ಕೇಳಿಸಿಕೊಳ್ಳಿ.

ಬೆವರಿನ ದಾರಿ ಕಟ್ಟಿದರೆ ಏನಾಗುತ್ತದೆ? 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಝಾರೊ ಎಂಬ ತರುಣ ಬಿಸಿಲಿನ ಕಾವು ತಟ್ಟದಿರಲೆಂದು ಮೈಗೆಲ್ಲ ಕೊಬ್ಬು ಬಳಿದುಕೊಂಡು ಓಡಿದನೆಂದು ಹೇಳುತ್ತಾರೆ. ಸುಮಾರು 30ನೆಯ ಕಿಲೋಮೀಟರಿನಲ್ಲಿ ಕುಸಿದುಬಿದ್ದ ಆತ ಮರುದಿನ ತೀರಿಕೊಂಡ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಪಂದ್ಯಕ್ಕಾಗಿ ಬೇಗ ತೂಕ ಇಳಿಸಲು ಹೋಗಿ ಪ್ರಾಣ ತೆತ್ತರು. ಗಾಳಿಯಾಡದ ಉಡುಪು ತೊಟ್ಟು ಬಿಸಿಯಲ್ಲಿ ವ್ಯಾಯಾಮ ಮಾಡಿದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಬೆವರಿಳಿಸಿ ಬೊಜ್ಜು ಕರಗಿಸುತ್ತೇವೆಂದು ಮಾರುವ ಪ್ಲಾಸ್ಟಿಕ್ ಉಡುಪುಗಳನ್ನು ಮನೆಗೆ ತರಲೇಬೇಡಿ. ಬೆವರಿನಿಂದ ಇಳಿದ ತೂಕ ಬರಿಯ ನೀರು. ನಾಲ್ಕು ಲೋಟ ಕುಡಿದರೆ ಮತ್ತೆ ಬಂತು. ಸಡಿಲವಾದ, ತೆಳುಬಣ್ಣದ, ಗಾಳಿಯಾಡುವ ಬಟ್ಟೆಯೇ ಬೇಸಿಗೆಗೆ ಯೋಗ್ಯ.

ಇನ್ನು ಮೈ ಪಳಗಿಸುವ ಮಾತು. ಬಿಸಿಲು ಅಭ್ಯಾಸವಾಗುತ್ತದೆಂಬುದು ನಿಜ. ಆದರೆ ಅದಕ್ಕೆ 10ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಮೂಡಲು ಕಲಿಯುತ್ತದೆ, ಅದರೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹತೋಟಿಗೆ ಬರುತ್ತದೆ. ಮೊದಲ ದಿನ 15–20 ನಿಮಿಷ ಸಾಕು. ದಿನಕ್ಕಿಷ್ಟೆಂದು ಏರಿಸುತ್ತ ಹೋಗಿ. ಅಪಾಯ ಹೆಚ್ಚಾಗಿರುವುದು ಮೊದಲ ವಾರದಲ್ಲೇ. ಬೇಸಿಗೆಯ ರಜಕ್ಕೆ ಬೆಂಗಳೂರಿನಿಂದಲೋ ಮಡಿಕೇರಿಯಿಂದಲೋ ರಾಯಚೂರಿನ ಅಜ್ಜಿಯ ಮನೆಗೆ ಬಂದ ಮೊಮ್ಮಗ, ಅಲ್ಲಿಯ ಹುಡುಗರ ಸಮಕ್ಕೆ ಮಧ್ಯಾಹ್ನ ಕ್ರಿಕೆಟ್ ಆಡಹೊರಟರೆ ತಡೆಯಬೇಕಾದದ್ದು ಇದಕ್ಕಾಗಿ. ಅವರ ಮೈ ಪಳಗಿದೆ, ಇವನದು ಪಳಗಿಲ್ಲ.

ಹೊತ್ತಿನ ವಿಚಾರಕ್ಕೆ ಬರೋಣ. ಗಾಳಿ ಅತ್ಯಂತ ತಂಪಾಗಿರುವುದು ಸೂರ್ಯೋದಯದ ಸುಮಾರಿಗೆ. ಅತ್ಯಂತ ಬಿಸಿಯಾಗುವುದು ನಡುಹಗಲಿನಲ್ಲಲ್ಲ, ಎರಡು ಮೂರು ಗಂಟೆ ಕಳೆದ ಮೇಲೆ. ಸಂಜೆ ಬಿಸಿಲಿಳಿದರೂ ಡಾಂಬರು ರಸ್ತೆ, ತಾರಸಿ, ಕಲ್ಲುಗೋಡೆಗಳು ಹಗಲು ಹೀರಿದ ಕಾವನ್ನು ಬಿಡುತ್ತಲೇ ಇರುತ್ತವೆ. ಆದಕಾರಣ ಓಟ, ಸೂರ್ಯನಮಸ್ಕಾರ, ಚೆಂಡಾಟಗಳೆಲ್ಲ ಮುಂಜಾನೆ 8ರೊಳಗೆ ಮುಗಿದರೆ ಲೇಸು. ಸಂಜೆಯಾದರೆ ಮಣ್ಣಿನ ನೆಲ, ಮರದ ನೆರಳು ಹುಡುಕಿ. ಸೆಕೆ ಹೆಚ್ಚಿದ ದಿನ ಓಟದ ಬದಲು ನಡಿಗೆ ಸಾಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೆರಳಿನಲ್ಲಿ ನಿಲ್ಲಿ. ವೇಗ ತಗ್ಗಿಸಿದರೆ ಒಳಗಿನ ಒಲೆಯ ಉರಿಯೂ ತಗ್ಗುತ್ತದೆ.

ನೀರು ಎಷ್ಟು ಬೇಕು? ವ್ಯಾಯಾಮಕ್ಕೆ ಮೊದಲೂ ಆಮೇಲೂ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರು ನೀರು ಹೋಯಿತೆಂದೇ ಲೆಕ್ಕ. ತೂಕದ ಯಂತ್ರವಿಲ್ಲದವರಿಗೆ ಮೂತ್ರದ ಬಣ್ಣವೇ ಸಾಕ್ಷಿ. ಅದು ಗಾಢ ಹಳದಿಯಾದರೆ ಮೈ ಒಣಗಿದೆ ಎಂದರ್ಥ. ಹಾಗೆಂದು ಕೊಡಗಟ್ಟಲೆ ಬರಿಯ ನೀರು ಕುಡಿಯುವುದೂ ತಪ್ಪು. ರಕ್ತದ ಉಪ್ಪಿನಂಶ ತೀರ ತೆಳುವಾಗಿ ಅದೂ ಪ್ರಾಣಕ್ಕೆ ಎರವಾಗಬಲ್ಲದು. ವ್ಯಾಯಾಮದ ಕೊನೆಗೆ ತೂಕ ಏರಿರಬಾರದು. ಗಂಟೆಗಿಂತ ಹೆಚ್ಚು ಬೆವರಿದವರಿಗೆ ಉಪ್ಪೂ ಬೇಕು. ರಾಮನವಮಿಯ ನೀರುಮಜ್ಜಿಗೆ, ಚಿಟಿಕೆ ಉಪ್ಪು ಬೆರೆಸಿದ ಬೆಲ್ಲದ ಪಾನಕ ಇದಕ್ಕೆ ಚೆನ್ನಾಗಿ ಒದಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ಮಜ್ಜಿಗೆಯೇ ಮೇಲು.

ಕೆಲವರು ಇನ್ನಷ್ಟು ಎಚ್ಚರದಿಂದಿರಬೇಕು. ಜ್ವರವೋ ಭೇದಿಯೋ ಬಂದು ಹೋದವರು, ರಾತ್ರಿ ನಿದ್ದೆಗೆಟ್ಟವರು, ಮದ್ಯ ಸೇವಿಸಿದವರು ಅಂದು ಬಿಸಿಲಿನ ವ್ಯಾಯಾಮ ಬಿಡಲಿ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಕೊನೆಯದಾಗಿ, ಮನೆಯವರೆಲ್ಲ ನೆನಪಿಡಬೇಕಾದ ಸಂಗತಿ. ಮೀನಖಂಡ ಹಿಡಿದುಕೊಳ್ಳುವುದು, ತಲೆನೋವು, ವಾಕರಿಕೆ, ತಲೆಸುತ್ತು, ಇವು ಮುನ್ಸೂಚನೆಗಳು. ಕೂಡಲೇ ನಿಲ್ಲಿಸಿ, ನೆರಳಿಗೆ ಹೋಗಿ, ಮೈಗೆ ನೀರು ಹಾಕಿಕೊಂಡು, ನಿಧಾನವಾಗಿ ಕುಡಿಯಬೇಕು. ಆದರೆ ಆಡುತ್ತಿದ್ದವನು ತಡವರಿಸಿ ಮಾತಾಡಿದರೆ, ತೂರಾಡಿದರೆ, ವಿನಾಕಾರಣ ಸಿಟ್ಟಾದರೆ, ಗುರುತು ಹಿಡಿಯದಿದ್ದರೆ ಅದು ಬಿಸಿಲಿನ ಆಘಾತವೆಂದೇ ತಿಳಿಯಿರಿ. "ಮೈ ಇನ್ನೂ ಬೆವರುತ್ತಿದೆ, ಭಯವಿಲ್ಲ" ಎನ್ನಬೇಡಿ. ವ್ಯಾಯಾಮದಿಂದ ಬಂದ ಆಘಾತದಲ್ಲಿ ಚರ್ಮ ಒದ್ದೆಯಾಗಿರಬಹುದು. ಒಬ್ಬರು 108ಕ್ಕೆ ಫೋನು ಮಾಡಲಿ. ಉಳಿದವರು ಆ ಕ್ಷಣದಿಂದಲೇ ತಂಪು ಮಾಡಲಿ. ಹತ್ತಿರ ನೀರಿನ ತೊಟ್ಟಿಯಿದ್ದರೆ ತಲೆ ಮುಳುಗದಂತೆ ಹಿಡಿದು ಕುತ್ತಿಗೆಯವರೆಗೆ ಇಳಿಸಿ. ಇಲ್ಲವಾದರೆ ಕೊಡಗಳಿಂದ ನೀರು ಸುರಿಯುತ್ತ ಗಾಳಿ ಬೀಸಿ. ಒದ್ದೆ ಬಟ್ಟೆ ಹೊದಿಸಿ, ಬದಲಿಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಪ್ರಯೋಜನಕ್ಕೆ ಬಾರದು. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸಿದವರು ಬದುಕಿ ಉಳಿಯುವ ಸಂಭವ ಬಹಳ ಹೆಚ್ಚು. ಆಸ್ಪತ್ರೆಗೆ ಒಯ್ಯುವ ಅವಸರದಲ್ಲಿ ಈ ಹೊತ್ತನ್ನು ಕಳೆಯಬಾರದು.

ಬಿಸಿಲಿನ ಆಘಾತಕ್ಕೆ ಸಿಕ್ಕಿದವನಿಗೆ ತನ್ನ ಸ್ಥಿತಿ ತನಗೇ ತಿಳಿಯದು. ಮಂಕು ಕವಿಯುವುದು ಮೊದಲು ಬುದ್ಧಿಗೇ. ಆದ್ದರಿಂದ ಬೇಸಿಗೆಯಲ್ಲಿ ಒಬ್ಬರೇ ವ್ಯಾಯಾಮಕ್ಕೆ ಹೋಗಬೇಡಿ. ಮಕ್ಕಳು ಮೈದಾನಕ್ಕೆ ಹೊರಟಾಗ ನೀರಿನ ಸೀಸೆಯ ಜೊತೆಗೆ "ಒಬ್ಬರನ್ನೊಬ್ಬರು ನೋಡಿಕೊಳ್ಳಿ" ಎಂಬ ಮಾತನ್ನೂ ಕಟ್ಟಿ ಕಳುಹಿಸಿ.