ಹದಿಮೂರು, ಆಮೇಲೆ ಸೊನ್ನೆ

ಸಿಡ್ನಿಯ ಫನಲ್-ವೆಬ್ ಜೇಡ ಕಚ್ಚಿ 1927ರಿಂದ 1980ರವರೆಗೆ 13 ಮಂದಿ ಸತ್ತ ದಾಖಲೆಯಿದೆ. 1981ರಲ್ಲಿ ಪ್ರತಿವಿಷ ಬಂತು. ಅಲ್ಲಿಂದೀಚೆಗೆ ಒಬ್ಬರೂ ಸತ್ತಿಲ್ಲ. ಜೇಡವೇನೂ ಊರು ಬಿಟ್ಟು ಹೋಗಿಲ್ಲ. ಐವತ್ತು ಲಕ್ಷ ಜನರ ಆ ನಗರದ ಹಿತ್ತಿಲುಗಳಲ್ಲಿ, ತೇವದ ಕಲ್ಲುಸಂದುಗಳಲ್ಲಿ ಇವತ್ತಿಗೂ ಬಿಲ ಮಾಡಿಕೊಂಡೇ ಇದೆ.

ಈ ಸೊನ್ನೆಯ ಹಿಂದಿನ ದುಡಿಮೆಯ ಲೆಕ್ಕ ತೆಗೆದರೆ ಮೈ ಜುಮ್ಮೆನ್ನುತ್ತದೆ. ಗಂಡು ಜೇಡದ ವಿಷ ಹೆಣ್ಣಿನದಕ್ಕಿಂತ ಬಹಳ ಘೋರ. ಅದು ಕಂಡರೆ ಹೊಸಕಿ ಹಾಕದೆ, ಊರಿನವರು ಜಾಡಿಯೊಳಗೆ ಹುಷಾರಾಗಿ ಹಿಡಿದು ತಂದು ಒಪ್ಪಿಸುತ್ತಾರೆ. ಅವೆಲ್ಲ ಸೇರುವುದು ಸಾಮರ್ಸ್‌ಬಿಯ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿಗೆ. ಅಲ್ಲಿ ಸಿಟ್ಟಿಗೆದ್ದು ಮುಂಗಾಲೆತ್ತಿ ನಿಂತ ಜೇಡದ ವಿಷದ ಹಲ್ಲಿನ ತುದಿಯಿಂದ ಹನಿಯನ್ನು ಸಪೂರ ಗಾಜಿನ ನಳಿಗೆಯಲ್ಲಿ ಹೀರಿ ತೆಗೆಯುತ್ತಾರೆ. ಹೀಗೆ ಸುಮಾರು 150 ಸಲ ಹೀರಿದರೆ ಒಂದು ವಯಲ್ ಪ್ರತಿವಿಷಕ್ಕಾಗುವಷ್ಟು ವಿಷ! ಮನುಷ್ಯನನ್ನೂ ಮಂಗನನ್ನೂ ಕೊಲ್ಲಬಲ್ಲ ಅದನ್ನು ಮೊಲ ತಾಳಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮೊಲಗಳಿಗೆ ಪ್ರಮಾಣ ಏರಿಸುತ್ತ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಮದ್ದು ಮಾಡುತ್ತಾರೆ. ವರ್ಷಗಳ ಕಾಲ ಪಟ್ಟುಹಿಡಿದು ಇದನ್ನು ಸಾಧಿಸಿದವರು ಮೆಲ್ಬರ್ನ್‌ನ ಡಾ. ಸ್ಟ್ರುವಾನ್ ಸದರ್‌ಲ್ಯಾಂಡ್.

ಕಚ್ಚಿಸಿಕೊಂಡ ನೂರರಲ್ಲಿ ಹತ್ತರಿಂದ ಇಪ್ಪತ್ತೈದು ಮಂದಿಗಷ್ಟೇ ವಿಷ ಜೋರಾಗಿ ಏರುತ್ತದೆ. ಯಾರಿಗೆ ಏರೀತೆಂದು ಕಾದು ನೋಡುವಂತಿಲ್ಲ. ತುಟಿ ಜುಮುಗುಡುವುದು, ನಾಲಿಗೆ ಅದುರುವುದು, ಬೆವರು, ಜೊಲ್ಲು, ಕಣ್ಣೀರು ಒಟ್ಟಿಗೇ ಹರಿಯುವುದು ಅರ್ಧ ಗಂಟೆಯೊಳಗೇ ಶುರುವಾಗಬಹುದು. ಅದಕ್ಕೂ ಮೊದಲೇ, ಕಚ್ಚಿದ ಕೈಗೋ ಕಾಲಿಗೋ ಉದ್ದಕ್ಕೂ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ದಬ್ಬೆ ಕಟ್ಟಿ, ಅಲುಗಾಡದಂತೆ ಮಲಗಿಸಿ, ತುರ್ತು ಸಂಖ್ಯೆ 000ಕ್ಕೆ ಫೋನ್ ಮಾಡಬೇಕು. ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು ಖಂಡಿತ ಬೇಡ.

ಸಿಡ್ನಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಶೂ, ಚಪ್ಪಲಿ ಬಾಗಿಲಾಚೆ ಬಿಡುವುದು ನಮ್ಮ ರೂಢಿ. ಬೇಸಿಗೆಯ ರಾತ್ರಿಯಿಡೀ ಹೆಣ್ಣನ್ನು ಹುಡುಕಿ ಅಲೆದ ಗಂಡು ಜೇಡ ಬೆಳಗಾದರೆ ಅಂಥ ಕತ್ತಲ ಮೂಲೆಯಲ್ಲೇ ಅಡಗುತ್ತದೆ. ದಯವಿಟ್ಟು ಕೊಡವಿ ಹಾಕಿಕೊಳ್ಳಿ.

2017ರಲ್ಲಿ ಸಿಡ್ನಿಯ ಉತ್ತರಕ್ಕಿರುವ ಸೆಂಟ್ರಲ್ ಕೋಸ್ಟ್‌ನಲ್ಲಿ ಹತ್ತು ವರ್ಷದ ಹುಡುಗನ ಬೆರಳಿಗೆ ಕಚ್ಚಿದ ಜೇಡ ಕೂತಿದ್ದೂ ಶೂ ಒಳಗೇ. ಅವನು ಉಳಿಯಲು 12 ವಯಲ್ ಪ್ರತಿವಿಷ ಬೇಕಾಯಿತು: ಹೆಚ್ಚುಕಡಿಮೆ 1,800 ಸಲ ಹೀರಿ ಕೂಡಿಟ್ಟ ವಿಷದಿಂದ ಆಗುವಷ್ಟು. ಕಚ್ಚಿದ ಜೇಡವೂ ಸಿಕ್ಕಿತ್ತು. ಅದನ್ನೂ ವಿಷ ತೆಗೆಯಲೆಂದು ರೆಪ್ಟೈಲ್ ಪಾರ್ಕಿಗೇ ಕೊಟ್ಟರು.