ಕಣ್ಣಿನ ನೆಗೆತ: 10 ಮಿಲಿಸೆಕೆಂಡಿನಿಂದ 440 ಕೋಟಿಯವರೆಗೆ

ತೋಳು ಚಾಚಿ ಹೆಬ್ಬೆರಳನ್ನು ಮುಖದೆದುರು ಹಿಡಿಯಿರಿ. ಉಗುರಿನ ಮೇಲೆ ನೋಟ ನೆಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ಬಿರಬಿರನೆ ತಿರುಗಿಸಿ. ತಲೆ ತಿರುಗಿತು, ಉಗುರು ಮಾತ್ರ ಮಸುಕಾಗಲಿಲ್ಲ! ತಲೆ ಬಲಕ್ಕೆ ಹೊರಟ ಕೂಡಲೇ ಕಣ್ಣು ಅಷ್ಟೇ ಎಡಕ್ಕೆ ಹೊರಳಿರುತ್ತದೆ. ಒಳಕಿವಿ ಸುದ್ದಿ ಕೊಟ್ಟು ಕಣ್ಣು ಹೊರಳಲು ಬೇಕಾದ ಕಾಲ ಸುಮಾರು 10 ಮಿಲಿಸೆಕೆಂಡ್, ಸೆಕೆಂಡಿನ ನೂರನೇ ಒಂದು ಪಾಲು. ರೆಪ್ಪೆ ಎಷ್ಟೇ ಚುರುಕಾಗಿ ಬಡಿದರೂ 100 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರೊಳಗೆ ಈ ಕೆಲಸ ಹತ್ತು ಸಲ ಮುಗಿದಿರುತ್ತದೆ!

ಎರಡು ಕಿವಿಗಳೊಳಗೆ ತಲೆ ತಿರುಗಿದ ಸುದ್ದಿ ಕೊಡುವ ಒಟ್ಟು 6 ಅರ್ಧವೃತ್ತ ನಾಳಗಳು, ಎರಡು ಕಣ್ಣುಗಳಿಗೆ ಒಟ್ಟು 12 ಸ್ನಾಯುಗಳು. ನೆಲದಿಂದ 1.25 ಮೀಟರ್ ಎತ್ತರದ, ಬರೀ 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ಜಿಮ್ನಾಸ್ಟ್ ಪಲ್ಟಿ ಹೊಡೆದು ನಿಲ್ಲುವಾಗ ಕಾಲಿನ ಜೊತೆ ದುಡಿಯುವ ತಂಡ ಇದು. ಈ ತಂಡವನ್ನು ಪಳಗಿಸಬಹುದು! 1940ರ ದಶಕದಲ್ಲಿ ಬ್ರಿಟನ್ನಿನ ವೈದ್ಯರಾದ ಕಾಥಾರ್ನ್ ಮತ್ತು ಕುಕ್ಸಿ ತಲೆಸುತ್ತಿನಿಂದ ಬಳಲುವವರಿಗೆ ಕಣ್ಣು, ತಲೆಗಳ ಕಸರತ್ತು ಕಲಿಸಿದರು. 2011ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಆರೋಗ್ಯವಂತ ಯುವಜನರಿಗೆ ಇಂಥ ಕಸರತ್ತು ಮಾಡಿಸಿದಾಗ ಕೇವಲ 3 ವಾರಗಳಲ್ಲಿ ಅವರ ನಿಲುವು ಹೆಚ್ಚು ಸ್ಥಿರವಾಯಿತು. ತಲೆಗೆ ಪೆಟ್ಟು ಬಿದ್ದ ಕ್ರೀಡಾಪಟುಗಳನ್ನು ಮೈದಾನಕ್ಕೆ ಮರಳಿಸುವ ಚಿಕಿತ್ಸೆಯಲ್ಲೂ ಇಂದು ಇದಕ್ಕೆ ಜಾಗವಿದೆ.

ಹೆಬ್ಬೆರಳು ನೋಡುತ್ತ ತಲೆ ತಿರುಗಿಸುವ ಕಸರತ್ತಿನ ಲೆಕ್ಕ ಹಾಕೋಣ. ಸೆಕೆಂಡಿಗೆ 2 ತಿರುವು, ಒಂದು ಸಲಕ್ಕೆ 1 ನಿಮಿಷ, ದಿನಕ್ಕೆ 3 ಸಲ ಎಂದುಕೊಂಡರೆ 6 ವಾರಕ್ಕೆ 15,120 ತಿರುವು. ತಿರುವಿಗೆ 40 ಡಿಗ್ರಿ ಹಿಡಿದರೂ ಅದು 1,680 ಪೂರ್ಣ ಸುತ್ತಿಗೆ ಸಮ! ಇಷ್ಟಕ್ಕೆ ಕೊಟ್ಟದ್ದು ದಿನದ 480ನೇ ಒಂದು ಪಾಲು.

ತಲೆಗೆ ಎದುರಾಗಿ ಹೊರಳುವುದಾಯಿತು, ಇನ್ನು ಕಣ್ಣಿನದೇ ನೆಗೆತ. ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುವಾಗ ಕಣ್ಣು ಸೆಕೆಂಡಿಗೆ 700 ಡಿಗ್ರಿ ವೇಗ ಮುಟ್ಟಬಲ್ಲದು. ಭೂಮಿ ಆ ವೇಗದಲ್ಲಿ ತಿರುಗಿದರೆ ಒಂದೇ ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಎರಡು ದಿನ ಕಳೆದುಹೋಗುತ್ತದೆ!

ಈ ನೆಗೆತ ಕ್ರಿಕೆಟ್ ಮೈದಾನದಲ್ಲೂ ಬೇಕು. 2003ರ ವಿಶ್ವಕಪ್‌ನಲ್ಲಿ ಶೋಯಬ್ ಅಖ್ತರ್ ಎಸೆದ ಚೆಂಡಿನ ವೇಗ ಗಂಟೆಗೆ 161.3 ಕಿಲೋಮೀಟರ್. ವೇಗ ಎಲ್ಲೂ ತಗ್ಗದಿದ್ದರೆ ಅದು ಕ್ರೀಸಿನಿಂದ ಕ್ರೀಸಿಗೆ ಬರಲು 0.4 ಸೆಕೆಂಡ್ ಸಾಕು. ಚೆಂಡನ್ನು ಉದ್ದಕ್ಕೂ ಹಿಂಬಾಲಿಸಲು ಪುರುಸೊತ್ತೇ ಇಲ್ಲ. ಹಾಗಾಗಿ ಪಳಗಿದ ಬ್ಯಾಟ್ಸ್‌ಮನ್ನನ ಕಣ್ಣು ಚೆಂಡಿಗಿಂತ ಮೊದಲೇ ಅದು ಪುಟಿಯುವ ಜಾಗಕ್ಕೆ ನೆಗೆದು ಕಾಯುತ್ತದೆ ಎಂದು 2000ರಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮ್ಯಾಕ್ಲಿಯಾಡ್ ತೋರಿಸಿದರು. ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ನಲ್ಲಿ ಎದುರಿಸಿದ್ದು 31,258 ಎಸೆತ! ಎಸೆತಕ್ಕೆ ಕ್ರೀಸಿನಿಂದ ಕ್ರೀಸಿಗಿರುವ 17.68 ಮೀಟರಿನಂತೆ ಅವನ್ನೆಲ್ಲ ಸಾಲಾಗಿ ಜೋಡಿಸಿದರೆ 552 ಕಿಲೋಮೀಟರ್. ಬೆಂಗಳೂರಿನಿಂದ ಹೊರಟರೆ ಬೆಳಗಾವಿ ದಾಟಿ ಹೋಗುವಷ್ಟು ಉದ್ದ.

ಕಣ್ಣನ್ನೂ ಸೋಲಿಸುವ ವೇಗವಿದೆ. 2015ರಲ್ಲಿ ವಾರ್ಸಾದ ಹಿಮದಂಗಳದಲ್ಲಿ ಸ್ಕೇಟರ್ ಒಲಿವಿಯಾ ಆಲಿವರ್ ನಿಮಿಷಕ್ಕೆ 342 ಸುತ್ತಿನ ವೇಗದಲ್ಲಿ ಗಿರ್ರನೆ ತಿರುಗಿದಳು. ಸೆಕೆಂಡಿಗೆ 2,052 ಡಿಗ್ರಿ, ಕಣ್ಣಿನ ನೆಗೆತದ ಸುಮಾರು ಮೂರು ಪಟ್ಟು! ನಮ್ಮ ಆರು ವಾರಗಳ 1,680 ಸುತ್ತನ್ನು ಆ ವೇಗ 5 ನಿಮಿಷದೊಳಗೆ ಮುಗಿಸಿಬಿಡುತ್ತದೆ.

ಆದರೆ ದಣಿವಿಲ್ಲದ ದುಡಿಮೆಯಲ್ಲಿ ಕಣ್ಣನ್ನು ಮೀರಿಸುವವರಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಅದು ಸೆಕೆಂಡಿಗೆ ಸುಮಾರು 3 ಸಲ ನೆಗೆಯುತ್ತದೆ. 16 ಗಂಟೆಗೆ 1,72,800 ನೆಗೆತ. ನಿಮಿಷಕ್ಕೆ 72ರಂತೆ ಹೃದಯ ಇಡೀ 24 ಗಂಟೆ ಬಡಿದರೂ 1,03,680 ಮಾತ್ರ! ಕಣ್ಣಿನ ನೆಗೆತ ವರ್ಷಕ್ಕೆ 6.3 ಕೋಟಿ, 70 ವರ್ಷಕ್ಕೆ ಸುಮಾರು 440 ಕೋಟಿ. ಸೆಕೆಂಡಿಗೆ ಒಂದರಂತೆ ಹಗಲಿರುಳು ಎಣಿಸಲು ಕುಳಿತರೆ ಬೇಕಾಗುವುದು 140 ವರ್ಷ: ಒಬ್ಬರ ಕಣ್ಣು ಒಂದೇ ಬಾಳಿನಲ್ಲಿ ಮಾಡಿ ಮುಗಿಸಿದ್ದನ್ನು ಎಣಿಸುವುದಕ್ಕೇ ಎರಡು ಬಾಳು!